ಹೊಸ ತಟ್ಟೆ, ಹಳೆಯ ಪಟ್ಟಿ

ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ, ಮೂವತ್ತನಾಲ್ಕು ವರ್ಷ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾದ ನಾನು ಗಡಿನಾಡಿನ ಶಿಕ್ಷಣದ ಸ್ಥಿತಿಗತಿಯನ್ನು ಕುರಿತು ಬರೆದೇನೆಂದು ಅವರು ನಿರೀಕ್ಷಿಸಿರಬೇಕು. ಆ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಂಪುಟದಲ್ಲಿ ಬರೆದೇ ಬರೆಯುತ್ತಾರೆ. ನಾನು ಬರೆಯಹೊರಟಿರುವುದು ನಮ್ಮ ಮನೆಯ ಟಿ.ವಿ. ರೆಕಾರ್ಡರಿನ ಹಾರ್ಡ್ ಡಿಸ್ಕ್ ಕೆಟ್ಟುಹೋಗಿ, ಅದನ್ನು ಬದಲಾಯಿಸಿದ ಸಂಗತಿಯನ್ನು. ವಿಷಯ ಕ್ಷುಲ್ಲಕವೆಂದು ತೋರಿದರೆ ಸಹೃದಯರು ಕ್ಷಮಿಸಬೇಕು. ನನಗೆ ಅದು ಕ್ಷುಲ್ಲಕವಾಗಿ ಉಳಿಯಲಿಲ್ಲ.

ನಮ್ಮದು ಕುಂಬಳೆಯ ಸಮೀಪದ ಒಂದು ಅಡಕೆ ತೋಟದ ಮನೆ. ಯಕ್ಷಗಾನದ ಪಾರ್ತಿಸುಬ್ಬನ ಸೀಮೆ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ನಮ್ಮ ಕಡೆಯ ಮನೆಗಳಲ್ಲಿ ಕನ್ನಡ, ತುಳು ಎರಡೂ ರೇಡಿಯೋದಲ್ಲಿ ಕೇಳತೊಡಗಿದವು. ಆದರೆ ದೂರದರ್ಶನ ಬಂದಾಗ ನಮ್ಮ ಆಂಟೆನಾಕ್ಕೆ ಸಿಕ್ಕಿದ್ದು ತಿರುವನಂತಪುರದ ಕಾರ್ಯಕ್ರಮ. ಮುಂದೆ ಕೇಬಲ್ ಬಂದಾಗಲೂ ಹತ್ತು ಮಲಯಾಳ ಚಾನೆಲ್‌ಗಳಿಗೆ ಒಂದೋ ಎರಡೋ ಕನ್ನಡ ಚಾನೆಲ್ ಎಂಬಂತಿತ್ತು. ಛಾವಣಿಯ ಮೇಲೆ ಸಣ್ಣ ಡಿಶ್ ಕೂರಿಸುವ ಡಿ.ಟಿ.ಎಚ್. ಸೇವೆ ಬಂದ ಮೇಲೆಯೇ ಬೆಂಗಳೂರಿನ ಚಂದನ ವಾಹಿನಿ ಬೇಕೆಂದಾಗ ಸ್ಪಷ್ಟವಾಗಿ ಕಾಣುವಂತಾಯಿತು. 2013ರಲ್ಲಿ ಮಗನು ಒಂದು ಹೊಸ ಪೆಟ್ಟಿಗೆಯನ್ನು ತಂದು ಜೋಡಿಸಿದ. ಅದರ ಹೊಟ್ಟೆಯೊಳಗೆ 500 ಜಿ.ಬಿ.ಯ ಒಂದು ಹಾರ್ಡ್ ಡಿಸ್ಕ್ ಇತ್ತು. ಬೇಕಾದ ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳಬಹುದು, ನೋಡುತ್ತಿರುವುದನ್ನು ನಡುವೆ ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು ಎಂದು ಅವನು ವಿವರಿಸಿದಾಗ ನಾನು ಅಷ್ಟಾಗಿ ಗಮನಿಸಲಿಲ್ಲ. ಗಮನವಿಟ್ಟು ಕೇಳಿದವಳು ನನ್ನ ಶ್ರೀಮತಿ.

ಆಕೆ ಏಳನೆಯ ತರಗತಿಯವರೆಗೆ ಓದಿದವಳು. ಆದರೆ ಮನೆಗೆ ಬಂದ ಯಾವ ಪುಸ್ತಕವನ್ನೂ ಓದದೆ ಬಿಟ್ಟವಳಲ್ಲ. ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ರಸಪ್ರಶ್ನೆ ಕಾರ್ಯಕ್ರಮ ಆಕೆಗೆ ನಿತ್ಯದ ಪೂಜೆಯಂತೆ. ಸರಿಯುತ್ತರಕ್ಕೆ ಹಣವನ್ನಲ್ಲ, ಕನ್ನಡ ಪುಸ್ತಕವನ್ನು ಬಹುಮಾನವಾಗಿ ಕೊಡುತ್ತಾರೆಂಬುದು ಆಕೆಗೆ ಬಹಳ ಇಷ್ಟವಾದ ವಿಷಯ. ಪ್ರಶ್ನೆ ಕೇಳಿದೊಡನೆ ಪೆಟ್ಟಿಗೆಯ ರಿಮೋಟಿನ ಗುಂಡಿ ಒತ್ತಿ ಚಿತ್ರವನ್ನು ನಿಲ್ಲಿಸುವಳು. ಮೊಮ್ಮಗಳು ಉತ್ತರ ಹೇಳಬೇಕು, ಆಮೇಲೆ ತಾನು ಹೇಳಬೇಕು, ಆಮೇಲೆಯೇ ಕಾರ್ಯಕ್ರಮ ಮುಂದುವರಿಯಬೇಕು. ಅರ್ಧ ಗಂಟೆಯ ಕಾರ್ಯಕ್ರಮ ನಮ್ಮ ಮನೆಯಲ್ಲಿ ಒಂದೂವರೆ ಗಂಟೆ ನಡೆಯುತ್ತಿತ್ತು. ನಾನು ಜಗಲಿಯಲ್ಲಿ ಪತ್ರಿಕೆ ಓದುತ್ತ, ಸಂಘದ ಪತ್ರವ್ಯವಹಾರ ನೋಡುತ್ತ ಕುಳಿತಿರುತ್ತಿದ್ದೆ. ಒಳಗಿನಿಂದ ಕೇಳುವ ಅಜ್ಜಿ-ಮೊಮ್ಮಗಳ ವಾದ ನನಗೆ ದಿನದ ಮುಕ್ತಾಯದ ಸದ್ದಾಗಿತ್ತು.

ಆಕೆ ತೀರಿಕೊಂಡು ಮೂರು ವರ್ಷಗಳಾದವು. ಪೆಟ್ಟಿಗೆ ಅದೇ ಸ್ಥಳದಲ್ಲಿ, ಆಕೆ ಕಸೂತಿ ಹಾಕಿದ ಬಟ್ಟೆಯನ್ನು ಹೊದ್ದುಕೊಂಡು ಕುಳಿತಿತ್ತು. ವಾರ್ತೆ ನೋಡಲು ಮಾತ್ರ ಅದನ್ನು ಬಳಸುತ್ತಿದ್ದೆ. ಆಕೆ ಮುದ್ರಿಸಿಟ್ಟದ್ದನ್ನು ನಾನು ತೆರೆದು ನೋಡಿರಲಿಲ್ಲ. ನೋಡಬಾರದೆಂದಲ್ಲ. ಇನ್ನೊಮ್ಮೆ ನೋಡಿದರಾಯಿತು ಎಂದು ದಿನ ತಳ್ಳುತ್ತ ಬಂದವನು, ಅಷ್ಟೆ.

ಕಳೆದ ತುಲಾ ಮಾಸದ ಗುಡುಗಿನ ಕಾಲದಲ್ಲಿ ಪೆಟ್ಟಿಗೆ ತೊಂದರೆ ಕೊಡಲಾರಂಭಿಸಿತು. ಚಿತ್ರ ನಡುನಡುವೆ ಕಲ್ಲಾಗಿ ನಿಲ್ಲುವುದು, ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳುವುದು. ಅದರೊಂದಿಗೆ ಒಳಗಿನಿಂದ ಗಡಿಯಾರದ ಮುಳ್ಳು ಎಲ್ಲೋ ತಡೆದಂತೆ ‘ಟಕ್, ಟಕ್’ ಎಂಬ ಶಬ್ದ. ಕಂಪನಿಯ ದೂರವಾಣಿಗೆ ಕರೆ ಮಾಡಿದೆ. ಹಳೆಯ ಪೆಟ್ಟಿಗೆಯನ್ನು ಹಿಂದಿರುಗಿಸಿದರೆ ಹೊಸದನ್ನು ರಿಯಾಯಿತಿಯಲ್ಲಿ ಕೊಡುವುದಾಗಿ ಆ ಕಡೆಯ ಹುಡುಗ ವಿನಯದಿಂದ ತಿಳಿಸಿದ. ಅದರೊಳಗಿನ ಮುದ್ರಿಕೆಗಳು ಏನಾಗುತ್ತವೆ ಎಂದು ಕೇಳಿದೆ. ಅವು ಹೋಗುತ್ತವೆ ಎಂದ. ಮಗನೂ, “ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದೆ ಅಪ್ಪಾ, ಅದನ್ನು ಯಾಕೆ ಇಟ್ಟುಕೊಳ್ಳುವುದು?” ಎಂದ. ಇಬ್ಬರ ಮಾತಿನಲ್ಲೂ ತಪ್ಪಿರಲಿಲ್ಲ. ಆದರೂ ನಾನು ಕುಂಬಳೆ ಪೇಟೆಯಲ್ಲಿ ಟಿ.ವಿ. ಮತ್ತು ಸಿ.ಸಿ. ಕ್ಯಾಮರಾ ರಿಪೇರಿಯ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಗೆ ಹೇಳಿ ಕಳುಹಿಸಿದೆ. ಮನೆಮಾತು ಮಲಯಾಳವಾದರೂ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ. ಅಕ್ಷರ ದುಂಡಗೆ ಬರೆಯುತ್ತಿದ್ದ.

ಅವನು ಬಂದು, ಪೆಟ್ಟಿಗೆಗೆ ಕಿವಿಯಿಟ್ಟು, ವೈದ್ಯನಂತೆ ಸ್ವಲ್ಪ ಹೊತ್ತು ಸುಮ್ಮನಿದ್ದ.

“ಮಾಷ್ಟ್ರೇ, ಇದು ಅಡಾಪ್ಟರಿನದ್ದಲ್ಲ, ಡಿಸ್ಕಿನದ್ದೇ ಶಬ್ದ. ಇನ್ನು ಹೆಚ್ಚು ದಿನ ಇಲ್ಲ.”

“ಎಷ್ಟು ದಿನ?”

“ಹೇಳ್ಲಿಕ್ಕಾಗುದಿಲ್ಲ. ಒಂದು ಗಂಟೆಯೂ ಆಗಬಹುದು, ಒಂದು ತಿಂಗಳೂ ಆಗಬಹುದು. ಒಳಗೆ ನಿಮಗೆ ಬೇಕಾದ್ದು ಎಂತಾದ್ರೂ ಉಂಟಾ?”

ಉಂಟು ಎಂದೆ. ಏನು ಎಂದು ಅವನು ಕೇಳಲಿಲ್ಲ. ಆಕೆಯ ಕೈಯ ಮಜ್ಜಿಗೆ ಕುಡಿದವನು ಅವನೂ ಹೌದು.

ಕಾಯಿಲೆಯ ಕಾರಣವನ್ನು ಅವನು ವಿವರಿಸಿದ ರೀತಿ ಒಬ್ಬ ಒಳ್ಳೆಯ ವಿಜ್ಞಾನ ಅಧ್ಯಾಪಕನದು. ಹಾರ್ಡ್ ಡಿಸ್ಕಿನ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿವೆ. ಅವು ನಿಮಿಷಕ್ಕೆ ಐದು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತವೆ. ತಟ್ಟೆಯ ಮೇಲೆ, ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ, ಓದುವ-ಬರೆಯುವ ಪುಟ್ಟ ಮುಳ್ಳು ತೇಲುತ್ತಿರುತ್ತದೆ. ಗಣಕಯಂತ್ರದ ಡಿಸ್ಕಿಗೆ ಆಗಾಗ ವಿಶ್ರಾಂತಿ ಉಂಟು. ಟಿ.ವಿ. ರೆಕಾರ್ಡರಿನ ಡಿಸ್ಕಿಗೆ ಅದಿಲ್ಲ. ನಾವು ಏನನ್ನೂ ಮುದ್ರಿಸದೆ ಬರಿದೆ ನೋಡುತ್ತಿದ್ದರೂ, ಯಾವ ಕ್ಷಣದಲ್ಲಿ ನಾವು ನಿಲ್ಲಿಸುವ ಗುಂಡಿ ಒತ್ತಿಬಿಡುತ್ತೇವೋ ಎಂದು ಅದು ತೆರೆಯ ಮೇಲಿನ ಚಿತ್ರವನ್ನೆಲ್ಲ ಸದಾ ಬರೆಯುತ್ತ, ಅಳಿಸುತ್ತ ಇರುತ್ತದೆ. ನಾನು ವಾರ್ತೆ ನೋಡಿದ ಮೂರು ವರ್ಷವೂ ಅದು ಬರೆಯುತ್ತಲೇ ಇತ್ತು ಎಂದಾಯಿತು.

“ಇದರ ದೊಡ್ಡ ಶತ್ರು ಬಿಸಿ, ಮಾಷ್ಟ್ರೇ. ಈ ಬಟ್ಟೆ ಯಾಕೆ ಮುಚ್ಚಿದ್ದು? ಗಾಳಿಯ ಕಿಂಡಿಯೆಲ್ಲ ಬಂದ್ ಆಗಿದೆ.”

ಆ ಬಟ್ಟೆಯನ್ನು ನಾನು ಮಡಚಿ ಕಪಾಟಿನಲ್ಲಿಟ್ಟೆ. ಇನ್ನೊಂದು ಕಾರಣವನ್ನು ನಾನೇ ಒಪ್ಪಿಕೊಂಡೆ. ನಮ್ಮ ಕಡೆ ಗುಡುಗು ಕೇಳಿದೊಡನೆ ಓಡಿಹೋಗಿ ಪ್ಲಗ್ ಕೀಳುವುದು ವಾಡಿಕೆ. ಸಿಡಿಲಿನಿಂದ ಪೆಟ್ಟಿಗೆ ಉಳಿಯುತ್ತದೆ, ನಿಜ; ಆದರೆ ಬರೆಯುತ್ತಿರುವ ಡಿಸ್ಕಿನ ವಿದ್ಯುತ್ತನ್ನು ಹಠಾತ್ತನೆ ಕಸಿದುಕೊಂಡಂತೆಯೂ ಆಗುತ್ತದೆ. ಮೊದಲು ರಿಮೋಟಿನಿಂದ ಆರಿಸಿ, ಅರೆನಿಮಿಷ ತಾಳಿ, ಬಳಿಕ ಪ್ಲಗ್ ಕೀಳಬೇಕೆಂಬ ಸಣ್ಣ ತಾಳ್ಮೆಯನ್ನು ನಾನು ಹತ್ತು ವರ್ಷಗಳಲ್ಲಿ ಕಲಿತಿರಲಿಲ್ಲ.

ಡಿಸ್ಕನ್ನು ಹೊರತೆಗೆದು ಗಣಕಯಂತ್ರಕ್ಕೆ ಜೋಡಿಸಿದರೆ ಮುದ್ರಿಕೆಗಳನ್ನು ಪ್ರತಿ ಮಾಡಿಕೊಳ್ಳಬಹುದಲ್ಲವೇ ಎಂದು ಕೇಳಿದೆ. ಅದು ಅಷ್ಟು ಸುಲಭವಲ್ಲವೆಂದು ಗೊತ್ತಾಯಿತು. ಪೆಟ್ಟಿಗೆಯು ಎಲ್ಲವನ್ನೂ ಗುಪ್ತಲಿಪಿಯಲ್ಲಿ ಬರೆದಿಡುತ್ತದೆ. ಅದರ ಬೀಗದ ಕೈ ಪೆಟ್ಟಿಗೆಯಲ್ಲೇ ಇರುತ್ತದೆ. ಗಣಕಯಂತ್ರಕ್ಕೆ ಆ ಡಿಸ್ಕ್ ಅರ್ಥವಿಲ್ಲದ ಗೀಚು. ಅದು “ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?” ಎಂದು ಕೇಳುತ್ತದೆ, ಅರಿಯದೆ ಹೌದೆಂದರೆ ಇದ್ದದ್ದೂ ಹೋಯಿತು. ಉಳಿದಿರುವುದು ಒಂದೇ ದಾರಿ. ಅರ್ಥ ತಿಳಿಯದಿದ್ದರೂ ಅಕ್ಷರಕ್ಕೆ ಅಕ್ಷರ ನಕಲು ಮಾಡುವ ಲಿಪಿಕಾರನಂತೆ, ಹಳೆಯ ಡಿಸ್ಕಿನ ಮೊದಲ ತುಣುಕಿನಿಂದ ಕೊನೆಯ ತುಣುಕಿನವರೆಗೆ ಹೊಸ ಡಿಸ್ಕಿಗೆ ಇದ್ದ ಹಾಗೆಯೇ ಇಳಿಸುವುದು. ಹೊಸ ಡಿಸ್ಕನ್ನು ಅದೇ ಪೆಟ್ಟಿಗೆಗೆ ಹಾಕಿದರೆ, ಬೀಗದ ಕೈ ಅಲ್ಲೇ ಇರುವುದರಿಂದ, ಕೆಲವು ಪೆಟ್ಟಿಗೆಗಳು ಸ್ವೀಕರಿಸುತ್ತವೆ, ಕೆಲವು ಸ್ವೀಕರಿಸುವುದಿಲ್ಲ. ಡಿಸ್ಕ್ ಸುಸ್ಥಿತಿಯಲ್ಲಿದ್ದರೆ ಕೆಲವೇ ಗಂಟೆಗಳ ಕೆಲಸ. ಕಾಯಿಲೆಯ ಡಿಸ್ಕಾದರೆ ದಿನಗಳೂ ಹಿಡಿಯಬಹುದು.

“ಈಗಲೇ ಕೊಡಿ ಮಾಷ್ಟ್ರೇ. ಅಂಗಡಿಗೆ ಕೊಂಡುಹೋಗ್ತೇನೆ.”

ಎರಡು ದಿನ ಬಿಟ್ಟು ಬಾ ಎಂದೆ. ಒಳಗೆ ಏನೇನಿದೆ ಎಂಬುದನ್ನು ಮೊದಲು ಬರೆದುಕೊಳ್ಳಬೇಕು ಎಂದೆ. ಅವನಿಗೆ ಮನಸ್ಸಿರಲಿಲ್ಲ. ಆದರೆ ಹಳೆಯ ವಿದ್ಯಾರ್ಥಿ ಹೆಡ್‌ಮಾಷ್ಟ್ರಿಗೆ ಎದುರಾಡುವುದಿಲ್ಲ. “ಪ್ಲೇ ಮಾತ್ರ ಮಾಡ್ಬೇಡಿ” ಎಂದು ಹೇಳಿ ಹೋದ.

ಶಾಲೆಯಲ್ಲಿದ್ದಾಗ ಯಾವುದೇ ಕಪಾಟನ್ನು ಮತ್ತೊಬ್ಬರಿಗೆ ವಹಿಸಿಕೊಡುವ ಮೊದಲು ಪಟ್ಟಿ ಮಾಡದೆ ಬಿಟ್ಟವನಲ್ಲ ನಾನು. ಆ ಸಂಜೆ ಇನ್ನೂರು ಪುಟದ ಪುಸ್ತಕವೊಂದಕ್ಕೆ ಗೆರೆ ಎಳೆದು, ಕ್ರಮಸಂಖ್ಯೆ, ಕಾರ್ಯಕ್ರಮ, ದಿನಾಂಕ, ಅವಧಿ, ಷರಾ ಎಂದು ಐದು ಅಂಕಣ ಮಾಡಿದೆ. ಒಂದೊಂದು ಹೆಸರಿನ ಮೇಲೆ ನಿಲ್ಲಿಸಿದಾಗ ಅದನ್ನು ಮುದ್ರಿಸಿದ ದಿನ, ಎಷ್ಟು ನೋಡಿಯಾಗಿದೆ ಎಂಬ ವಿವರ ತೆರೆಯ ಮೇಲೆ ಬರುತ್ತಿತ್ತು. ಎರಡು ಸಂಜೆಗಳಲ್ಲಿ 143 ನಮೂದುಗಳಾದವು. ‘ಥಟ್ ಅಂತ ಹೇಳಿ’ 96. ಯಕ್ಷಗಾನ ಮತ್ತು ತಾಳಮದ್ದಳೆ 21. ಭಾವಗೀತೆ, ಸುಗಮ ಸಂಗೀತ 12. ಅಡುಗೆ 7. ಇವೆಲ್ಲ ನಾನು ಊಹಿಸಿದ್ದವೇ. ಊಹಿಸದೆ ಇದ್ದದ್ದು ಉಳಿದ ಏಳು: ಮಲಯಾಳ ವಾರ್ತೆಗಳು.

ವಾರ್ತೆಯನ್ನು ಯಾರೂ ಮುದ್ರಿಸಿಟ್ಟುಕೊಳ್ಳುವುದಿಲ್ಲ. ತಪ್ಪಿ ಆಗಿರಬೇಕೆಂದರೆ, ಏಳಕ್ಕೂ ತಾನಾಗಿ ಅಳಿಯದಂತೆ ಕಾಪಿಡುವ ಗುರುತು ಹಾಕಲಾಗಿತ್ತು. ಯಾವುದನ್ನೂ ಪೂರ್ತಿ ನೋಡಿರಲಿಲ್ಲ. ಒಂದೊಂದೂ ನಡುವೆ ಎಲ್ಲೋ ನಿಂತಿತ್ತು. ಎಲ್ಲವೂ 2017ರ ಮಳೆಗಾಲದವು.

2017 ಎಂದರೆ ಈ ಸಂಪುಟದ ಓದುಗರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಶಾಸನ ಬಂದ ವರ್ಷ. ಕಾಸರಗೋಡಿನ ಕನ್ನಡಿಗರು ಬೀದಿಗಿಳಿದ ವರ್ಷ. ನಾನೂ ಇಳಿದಿದ್ದೆ. ಸೇವೆಯಲ್ಲಿದ್ದಾಗಲೇ, ಮೇಲಿನ ಕಚೇರಿಯಿಂದ ಮಲಯಾಳದಲ್ಲಿ ಮಾತ್ರ ಸುತ್ತೋಲೆ ಬಂದರೆ ಕನ್ನಡದ ಪ್ರತಿಯನ್ನು ಕಳುಹಿಸಬೇಕೆಂದು ಬರೆದು ಹಿಂದಿರುಗಿಸುತ್ತಿದ್ದವನು ನಾನು. ಮಾತನಾಡಲು ನನಗೂ ಆಕೆಗೂ ಮಲಯಾಳ ಬರುತ್ತಿತ್ತು. ಈ ನಾಡಿನಲ್ಲಿ ನಾಲ್ಕು ನುಡಿ ಬಾರದವರು ಅಪರೂಪ. ಓದಲು ಮಾತ್ರ ಕಲಿಯಲಿಲ್ಲ, ಕಲಿಯಬೇಕೆಂದು ಬಯಸಲಿಲ್ಲ. ಕಲಿಯದಿರುವುದೇ ಒಂದು ನಿಲುವು ಎಂದು ಭಾವಿಸಿದ್ದೆ.

ಮೊಮ್ಮಗಳನ್ನು ಕರೆದು ಕೇಳಿದೆ. ಅವಳು ಆಗ ನಾಲ್ಕನೆಯ ತರಗತಿ, ಈಗ ಹತ್ತನೆಯದು. ಸ್ವಲ್ಪ ಹಿಂಜರಿದು ಹೇಳಿದಳು.

“ಅಜ್ಜಿ ಅಕ್ಷರ ಕಲೀತಿದ್ರು ಅಜ್ಜಾ. ನಾನೇ ಹೇಳಿಕೊಡ್ತಿದ್ದೆ. ವಾರ್ತೆಯ ಅಡಿಯಲ್ಲಿ ಸಾಲು ಓಡ್ತದಲ್ಲ, ಅದನ್ನು ನಿಲ್ಲಿಸಿ ನಿಲ್ಲಿಸಿ ಓದುದು. ನಿಮಗೆ ಹೇಳ್ಬೇಡ ಅಂತ ಹೇಳಿದ್ರು.”

“ಯಾಕಂತೆ?”

“ನೀವು ಬೇಸರ ಮಾಡ್ಕೊಳ್ತೀರಿ ಅಂತ. ಮತ್ತೆ… ನಿಮಗೆ ಆಪರೇಶನ್ ಆಯ್ತಲ್ಲ, ಆಗ ಆಸ್ಪತ್ರೆಯಲ್ಲಿ ಒಂದು ಕಾಗದಕ್ಕೆ ಸಹಿ ಹಾಕ್ಲಿಕ್ಕೆ ಹೇಳಿದ್ರಂತೆ. ಅದರಲ್ಲಿ ಏನಿದೆ ಅಂತ ಗೊತ್ತಾಗ್ಲಿಲ್ಲ, ಗೊತ್ತಾಗದೆಯೇ ಸಹಿ ಹಾಕಿದೆ ಅಂತ ಹೇಳ್ತಿದ್ರು. ಇನ್ನೊಮ್ಮೆ ಹಾಗಾಗಬಾರದು ಅಂತ.”

ಆ ವರ್ಷದ ವೈಶಾಖದಲ್ಲಿ ಒಂದು ರಾತ್ರಿ ನನಗೆ ಹೊಟ್ಟೆನೋವು ಹೆಚ್ಚಾಗಿ, ಮಂಗಳೂರಿಗೆ ಹೋಗುವಷ್ಟು ಸಮಯವಿಲ್ಲದೆ, ಸಮೀಪದ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರು. ಮಗ ಬಂದು ತಲಪುವಷ್ಟರಲ್ಲಿ ಶಸ್ತ್ರಚಿಕಿತ್ಸೆ ಮುಗಿದಿತ್ತು. ಒಪ್ಪಿಗೆಯ ಕಾಗದಕ್ಕೆ ಯಾರು ಸಹಿ ಹಾಕಿದರು, ಅದು ಯಾವ ಭಾಷೆಯಲ್ಲಿತ್ತು ಎಂಬುದನ್ನು ನಾನು ಎಂದೂ ಕೇಳಿರಲಿಲ್ಲ. ಗುಣವಾಗಿ ಬಂದ ಸ್ವಲ್ಪ ಸಮಯದಲ್ಲೇ ಭಾಷಾ ಹಕ್ಕಿನ ಸಭೆಗಳಿಗೆ ಹೊರಟವನು ನಾನು. ನನ್ನ ಜೀವವನ್ನು ಓದಲಾಗದ ಅಕ್ಷರಗಳ ಕೆಳಗೆ ಸಹಿ ಹಾಕಿ ಒಪ್ಪಿಸಿ ಬಂದವಳು, ನಾನು ಸಭೆಗೆ ಹೋದ ಸಂಜೆಗಳಲ್ಲಿ ಆ ಅಕ್ಷರಗಳನ್ನು ಕಲಿಯುತ್ತಿದ್ದಳು. ಮರಳಿ ಬಂದಾಗ ಊಟ ಬಡಿಸುತ್ತ, ಸಭೆಯಲ್ಲಿ ಜನ ಎಷ್ಟು ಸೇರಿದ್ದರು ಎಂದು ಕೇಳುತ್ತಿದ್ದಳು.

ಕನ್ನಡಿಗರು ಕನ್ನಡದಲ್ಲಿ ಕಾಗದ ಬೇಕೆಂದು ಕೇಳುವುದು ನ್ಯಾಯ. ಆ ನ್ಯಾಯದಿಂದ ನಾನು ಇಂದಿಗೂ ಹಿಂದೆ ಸರಿದಿಲ್ಲ. ಆ ಕಾಗದ ಆಕೆಗೆ ಕನ್ನಡದಲ್ಲಿ ಸಿಗಬೇಕಾಗಿತ್ತು ಎಂಬುದೇ ನನ್ನ ವಾದಕ್ಕೆ ದೊಡ್ಡ ಸಾಕ್ಷಿ. ಆದರೆ ನ್ಯಾಯ ಸಿಗುವವರೆಗೆ ಮನೆಯವರ ಜೀವ ಕಾಯುವುದಿಲ್ಲವೆಂಬುದನ್ನು ಆಕೆ ನನಗಿಂತ ಮೊದಲೇ ತಿಳಿದಿದ್ದಳು. ಆಕೆಯ ಕನ್ನಡ ಅದರಿಂದ ಕಡಿಮೆಯಾಗಲಿಲ್ಲ. ಪಟ್ಟಿಯ 96 ಮತ್ತು 7 ಎಂಬ ಅಂಕಿಗಳೇ ಅದನ್ನು ಹೇಳುತ್ತವೆ. ಮೇಲಾಗಿ, ನಮ್ಮ ಹಿರಿಯರು ಓಲೆಗರಿಗಳಲ್ಲಿ ಬರೆಯುತ್ತಿದ್ದ ತುಳು ಲಿಪಿಗೂ ಮಲಯಾಳ ಲಿಪಿಗೂ ಗ್ರಂಥಲಿಪಿಯೇ ಮೂಲವೆಂದು ತರಗತಿಯಲ್ಲಿ ಪಾಠ ಹೇಳಿದವನು ನಾನೇ.

ಮೂರನೆಯ ದಿನ ಹುಡುಗ ಬಂದ. ಪೆಟ್ಟಿಗೆಯ ಪ್ಲಗ್ ಕಿತ್ತು, ಒಳಗಿನ ವಿದ್ಯುತ್ ಇಳಿಯಲೆಂದು ಸ್ವಲ್ಪ ಹೊತ್ತು ಬಿಟ್ಟು, ನಕ್ಷತ್ರದಾಕಾರದ ತಲೆಯ ತಿರುಪುಗಳನ್ನು ಅದಕ್ಕೆಂದೇ ಇರುವ ಸಾಧನದಿಂದ ಬಿಚ್ಚಿದ. ಡಿಸ್ಕನ್ನು ಮುಟ್ಟುವ ಮೊದಲು ಮೈಯ ಸ್ಥಿರವಿದ್ಯುತ್ತು ಹೋಗಲೆಂದು ಪೆಟ್ಟಿಗೆಯ ಲೋಹದ ಚೌಕಟ್ಟನ್ನು ಮುಟ್ಟಿದ. ಹತ್ತು ವರ್ಷದ ಧೂಳು, ಒಂದು ಸತ್ತ ಹಲ್ಲಿಮರಿ. ಡಿಸ್ಕಿಗೆ ಎರಡೇ ತಂತಿ: ಒಂದು ವಿದ್ಯುತ್ತಿನದು, ಇನ್ನೊಂದು ಮಾಹಿತಿಯದು. ಅಂಗೈಯಗಲದ ಆ ಲೋಹದ ಇಟ್ಟಿಗೆಯನ್ನು ಅವನು ನನ್ನ ಕೈಗೆ ಕೊಟ್ಟ. ಇನ್ನೂ ಬೆಚ್ಚಗಿತ್ತು.

ಹೊಸ ಡಿಸ್ಕಾಗಿ ಅವನು ತಂದಿದ್ದುದು ಸಿ.ಸಿ. ಕ್ಯಾಮರಾದ ರೆಕಾರ್ಡರುಗಳಿಗೆಂದು ಮಾರುವ ಬಗೆಯದು. ಹಗಲಿರುಳು ಬರೆಯುವ ಕೆಲಸಕ್ಕೆಂದೇ ಮಾಡಿರುವುದರಿಂದ ಟಿ.ವಿ. ಪೆಟ್ಟಿಗೆಗೂ ಅದು ಹೊಂದುತ್ತದೆಯಂತೆ. ಗಾತ್ರ ಹಳೆಯದರಷ್ಟೇ ಇದ್ದರೆ ಕ್ಷೇಮ. ದೊಡ್ಡದನ್ನು ಹಾಕಿದರೆ ಎಲ್ಲ ಪೆಟ್ಟಿಗೆಗಳೂ ಗುರುತಿಸುವುದಿಲ್ಲ. ಎರಡನ್ನೂ ಅಂಗಡಿಗೆ ಕೊಂಡುಹೋಗಿ ಗಣಕಯಂತ್ರಕ್ಕೆ ಜೋಡಿಸಿ ನಕಲು ಆರಂಭಿಸಿದ.

ಮೊದಲ ರಾತ್ರಿ ಚೆನ್ನಾಗಿ ನಡೆಯಿತು. ಮರುದಿನ ಮಧ್ಯಾಹ್ನ ಅವನಿಂದ ಕರೆ ಬಂತು. ಐದರಲ್ಲಿ ಎರಡು ಪಾಲು ಇಳಿದಾಗ ಹಳೆಯ ಡಿಸ್ಕ್ ಸದ್ದು ಮಾಡಿ ನಿಂತಿತ್ತು. ತಣಿಸಿ ಮತ್ತೆ ಹಚ್ಚಿದ, ಮಗ್ಗುಲು ಬದಲಿಸಿ ಇಟ್ಟು ನೋಡಿದ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಪ್ರಯತ್ನಿಸಿದ. ಅದು ತಿರುಗುತ್ತಿತ್ತು, ಓದುತ್ತಿರಲಿಲ್ಲ. ಅಷ್ಟನ್ನಾದರೂ ಹಾಕಿ ನೋಡುವ ಎಂದು ಸಂಜೆ ಮನೆಗೆ ಬಂದು ಹೊಸ ಡಿಸ್ಕನ್ನು ಪೆಟ್ಟಿಗೆಯಲ್ಲಿ ಕೂರಿಸಿದ. ತೆರೆ ಬೆಳಗಿತು. ಬಹಳ ಹೊತ್ತಿನ ಬಳಿಕ ಒಂದು ಸಂದೇಶ ಬಂತು: ಡಿಸ್ಕನ್ನು ಓದಲು ಸಾಧ್ಯವಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಬೇಕು, ಎಲ್ಲ ಮುದ್ರಿಕೆಗಳೂ ಅಳಿಸಿಹೋಗುತ್ತವೆ, ಒಪ್ಪಿಗೆಯಿದ್ದರೆ ಓಕೆ ಒತ್ತಿ.

ಅವನು ರಿಮೋಟನ್ನು ನನ್ನ ಕೈಗಿತ್ತು ಅಂಗಳಕ್ಕೆ ಹೋಗಿ ನಿಂತ.

ಇಷ್ಟರಲ್ಲಿ ನನಗೆ ಒಂದು ಲೆಕ್ಕ ತಿಳಿದಿತ್ತು. ಪಟ್ಟಿ ಬರೆಯಲು ನಾನು ತೆಗೆದುಕೊಂಡ ಎರಡು ಸಂಜೆ, ಸುಮಾರು ಏಳು ಗಂಟೆ, ಆ ಡಿಸ್ಕ್ ತಿರುಗುತ್ತಲೇ ಇತ್ತು. ಮೊದಲ ದಿನವೇ ಕೊಟ್ಟಿದ್ದರೆ ಆ ಏಳು ಗಂಟೆ ನಕಲಿಗೆ ಸಿಗುತ್ತಿತ್ತು. ಆಗ ಪೂರ್ತಿ ಉಳಿಯುತ್ತಿತ್ತೋ ಏನೋ. “ಹಾಗೇನಿಲ್ಲ ಮಾಷ್ಟ್ರೇ, ಅದು ಹೋಗುವುದೇ ಇತ್ತು” ಎಂದು ಅವನು ಸಮಾಧಾನ ಹೇಳಿದ. ಅವನ ಒಳ್ಳೆಯತನ ಅದು. ಮೊಮ್ಮಗಳು ಮಾತ್ರ ನಿಜ ಹೇಳಿದಳು: “ಅಜ್ಜಾ, ಪಟ್ಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿದ್ರೆ ಹತ್ತು ನಿಮಿಷ ಸಾಕಿತ್ತು.” ಹೌದು, ಸಾಕಿತ್ತು. ನನಗೆ ಹೊಳೆಯಲಿಲ್ಲ. ಮೂರು ವರ್ಷ ಸುಮ್ಮನಿದ್ದು ಮೂರು ದಿನ ಅವಸರಪಡುವವರಿಗೆ ಇಂಥವು ಹೊಳೆಯುವುದಿಲ್ಲ.

ಓಕೆ ಒತ್ತಿದೆ. ಕೆಲವು ನಿಮಿಷಗಳಲ್ಲಿ ಪೆಟ್ಟಿಗೆ ಹೊಸದಾಯಿತು. ಮುದ್ರಿಕೆಗಳ ಪುಟವನ್ನು ತೆರೆದರೆ ಒಂದೂ ಇಲ್ಲ.

ಆಮೇಲಿನ ದಿನಗಳಲ್ಲಿ ಈ ಹಾರ್ಡ್ ಡಿಸ್ಕ್ ಎಂಬ ವಸ್ತುವಿನ ಚರಿತ್ರೆಯನ್ನು ಸ್ವಲ್ಪ ಓದಿದೆ. ಐ.ಬಿ.ಎಂ. ಕಂಪನಿಯು ಅಮೆರಿಕದಲ್ಲಿ ಮೊದಲ ಹಾರ್ಡ್ ಡಿಸ್ಕ್ ಇರುವ ಗಣಕಯಂತ್ರವನ್ನು ಪ್ರಕಟಿಸಿದ್ದು 1956ರ ಸೆಪ್ಟೆಂಬರಿನಲ್ಲಿ. 24 ಅಂಗುಲ ಅಗಲದ 50 ತಟ್ಟೆಗಳ, ಸುಮಾರು ಒಂದು ಟನ್ ತೂಕದ ಆ ಯಂತ್ರ ನೆನಪಿಡುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ಅದಾಗಿ ಎರಡು ತಿಂಗಳೊಳಗೆ, 1956ರ ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ನಾನು ಒಂದನೆಯ ತರಗತಿಗೆ ಸೇರಿದ್ದೂ ಅದೇ ವರ್ಷ. ಮರಳಿನ ಮೇಲೆ ಬೆರಳಿನಿಂದ ‘ಅ’ ತಿದ್ದುತ್ತಿದ್ದೆ. ಬರೆದು, ಅಳಿಸಿ, ಮತ್ತೆ ಬರೆಯುವುದು. ಮರಳು ಏನನ್ನೂ ನೆನಪಿಡುತ್ತಿರಲಿಲ್ಲ, ನೆನಪಿಟ್ಟದ್ದು ಬೆರಳು. ಯಂತ್ರ ಎಷ್ಟೇ ದೊಡ್ಡದಾದರೂ ಚಿಕ್ಕದಾದರೂ ಒಂದು ದಿನ ನಿಲ್ಲುತ್ತದೆ. ಮುಂದಕ್ಕೆ ಹೋಗುವುದು ಒಬ್ಬರು ಇನ್ನೊಬ್ಬರ ಕೈಹಿಡಿದು ತಿದ್ದಿಸಿದ್ದು ಮಾತ್ರ. ಆಕೆಯ ವಿಷಯದಲ್ಲಿ ತಿದ್ದಿಸಿದವಳು ನಾಲ್ಕನೆಯ ತರಗತಿಯ ಹುಡುಗಿ, ತಿದ್ದಿದವಳು ಅರುವತ್ತು ದಾಟಿದ ಅಜ್ಜಿ.

ಮಗ ಹೇಳಿದ್ದೂ ಒಂದು ಮಟ್ಟಿಗೆ ಸತ್ಯವಾಯಿತು. ಪಟ್ಟಿಯನ್ನು ಮುಂದಿಟ್ಟುಕೊಂಡು ಮೊಮ್ಮಗಳು ಯೂಟ್ಯೂಬಿನಲ್ಲಿ ಹುಡುಕಿದಾಗ ‘ಥಟ್ ಅಂತ ಹೇಳಿ’ಯ ಹಲವು ಕಂತುಗಳೂ ಕೆಲವು ಯಕ್ಷಗಾನಗಳೂ ಸಿಕ್ಕವು. ಸಿಕ್ಕವುಗಳಿಗೆ ಷರಾ ಅಂಕಣದಲ್ಲಿ ಟಿಕ್ ಹಾಕುತ್ತಿದ್ದೇವೆ. ಸಾವಿರಾರು ಕಂತುಗಳಲ್ಲಿ ಆಕೆ ಈ 96ನ್ನೇ ಏಕೆ ಉಳಿಸಿಕೊಂಡಳು ಎಂಬ ಪ್ರಶ್ನೆಗೆ ಯೂಟ್ಯೂಬಿನಲ್ಲಿ ಉತ್ತರವಿಲ್ಲ. ಒಂದೊಂದನ್ನು ನೋಡುವಾಗ ಮೊಮ್ಮಗಳಿಗೆ ಕೆಲವು ನೆನಪಾಗುತ್ತವೆ. “ಇದರಲ್ಲಿ ಅಜ್ಜಿ ಐದಕ್ಕೆ ಐದೂ ಸರಿ ಹೇಳಿದ್ರು”, “ಇದರಲ್ಲಿ ನಾನು ಗೆದ್ದದ್ದು” ಎನ್ನುತ್ತಾಳೆ. ಅದನ್ನೂ ಷರಾ ಅಂಕಣದಲ್ಲಿ ಬರೆದಿಡುತ್ತೇನೆ. ಡಿಸ್ಕಿನಲ್ಲಿ ಇದ್ದಿರದ ಸಂಗತಿಗಳು ಹೀಗೆ ಪುಸ್ತಕಕ್ಕೆ ಬರುತ್ತಿವೆ. ಆ ಏಳು ವಾರ್ತೆಗಳು ಎಲ್ಲೂ ಸಿಗಲಿಲ್ಲ. ಹಳೆಯ ವಾರ್ತೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಯಾವ ಸಾಲಿನ ಯಾವ ಅಕ್ಷರದಲ್ಲಿ ಆಕೆ ನಿಲ್ಲಿಸಿದ್ದಳೆಂಬುದು ಹೋಯಿತು.

ಓದುಗರಿಗೆ, ವಿಶೇಷವಾಗಿ ನನ್ನ ವಯಸ್ಸಿನವರಿಗೆ, ಈ ಅನುಭವದಿಂದ ಕೆಲವು ಮಾತು ಹೇಳಬಹುದು. ರೆಕಾರ್ಡರಿಗೆ ಬಟ್ಟೆ ಹೊದಿಸಬೇಡಿ, ಮುಚ್ಚಿದ ಕಪಾಟಿನಲ್ಲಿಡಬೇಡಿ. ಗುಡುಗಿದಾಗ ಮೊದಲು ಆರಿಸಿ, ಬಳಿಕ ಪ್ಲಗ್ ಕೀಳಿ. ‘ಟಕ್ ಟಕ್’ ಶಬ್ದ ಕೇಳಿದರೆ ಒಂದು ದಿನವೂ ತಡ ಮಾಡಬೇಡಿ. ಡಿಸ್ಕ್ ಬದಲಿಸುವುದು ಕಷ್ಟದ ಕೆಲಸವಲ್ಲ, ಖರ್ಚೂ ಹೊಸ ಪೆಟ್ಟಿಗೆಗಿಂತ ಕಡಿಮೆ. ಆದರೆ ಬದಲಿಸಿದ ಡಿಸ್ಕ್ ಬರಿದಾಗಿಯೇ ಬರುತ್ತದೆ ಎಂದುಕೊಂಡೇ ಹೊರಡಿ. ಇನ್ನು, ಉಳಿಸಬೇಕಾದುದು ಮನೆಯವರ ದನಿಯಾಗಿದ್ದರೆ, ಕಂಪನಿಯ ಬೀಗವಿರುವ ಪೆಟ್ಟಿಗೆಯಲ್ಲಿ ಅದನ್ನು ಹುಡುಕಬೇಡಿ. ಅವರು ಎದುರಿಗಿರುವಾಗಲೇ ಮೊಬೈಲಿನಲ್ಲಿ ಮುದ್ರಿಸಿ, ಎರಡು ಕಡೆ ಪ್ರತಿ ಇಡಿ. ಆ 143ರಲ್ಲಿ ಒಂದರಲ್ಲೂ ಆಕೆಯ ದನಿ ಇರಲಿಲ್ಲ.

ಸಂಘಕ್ಕೂ ಒಂದು ಕೋರಿಕೆ ಇದೆ. ನಮ್ಮ ಕಚೇರಿಯ ಕಬ್ಬಿಣದ ಕಪಾಟಿನಲ್ಲಿ ಹಿಂದಿನ ಸಮ್ಮೇಳನಗಳ ಭಾಷಣಗಳ, ತಾಳಮದ್ದಳೆಗಳ ಕ್ಯಾಸೆಟ್‌ಗಳಿವೆ. ಮಳೆಗಾಲದ ತೇವಕ್ಕೆ ಎಷ್ಟರಲ್ಲಿ ಬೂಷ್ಟು ಹಿಡಿದಿದೆಯೋ ತಿಳಿಯದು. ಅವುಗಳಲ್ಲಿ ಮಾತನಾಡಿದವರಲ್ಲಿ ಹೆಚ್ಚಿನವರು ಇಂದು ಇಲ್ಲ. ಈ ಸಮ್ಮೇಳನ ಮುಗಿದ ಮರುದಿನವೇ ಅವುಗಳ ಪ್ರತಿ ಮಾಡಿಸುವ ಕೆಲಸ ಆರಂಭವಾಗಲಿ. ಮೊದಲು ಪ್ರತಿ, ಆಮೇಲೆ ಪಟ್ಟಿ. ನನ್ನಂತೆ ಅದಲುಬದಲು ಮಾಡುವುದು ಬೇಡ. ಪಟ್ಟಿ ಬರೆಯುವ ಕೆಲಸಕ್ಕೆ ನಾನು ಬರುತ್ತೇನೆ. ಹಳೆಯ ವಿದ್ಯಾರ್ಥಿಯೂ ಬರುವೆನೆಂದು ಹೇಳಿದ್ದಾನೆ.

ಹಳೆಯ ಡಿಸ್ಕ್ ನನ್ನ ಮೇಜಿನ ಖಾನೆಯಲ್ಲಿದೆ. ಹೊಸದರಲ್ಲಿ ಈಗ ಹನ್ನೊಂದು ಮುದ್ರಿಕೆಗಳಿವೆ. ಹತ್ತು ‘ಥಟ್ ಅಂತ ಹೇಳಿ’. ಪ್ರಶ್ನೆ ಕೇಳಿದಾಗ ನಿಲ್ಲಿಸುವ ಗುಂಡಿ ಮೊಮ್ಮಗಳ ಕೈಯಲ್ಲಿ, ಉತ್ತರ ಹೇಳುವ ಸರದಿ ನನ್ನದು. ಹನ್ನೊಂದನೆಯದು ಒಂದು ಮಲಯಾಳ ವಾರ್ತೆ. ಅಡಿಯ ಸಾಲಿನಲ್ಲಿ ಹದಿನಾಲ್ಕು ಅಕ್ಷರ ಓದಿ ನಿಲ್ಲಿಸಿದ್ದೇವೆ.